ಸಂಘದ ಗಣಕ ಲೆಕ್ಕ: ದುರಸ್ತಿಯೋ, ಸ್ಥಳಾಂತರವೋ?

ಬರುವ ಸೆಪ್ಟೆಂಬರಿನ ಮಹಾಸಭೆಯ ಕಾರ್ಯಸೂಚಿಯಲ್ಲಿ ಕೊನೆಯಿಂದ ಎರಡನೆಯ ಬಾಬತ್ತು ಒಂದೇ ಸಾಲಿನದು. ಸಂಘದ ಅಡಿಕೆ ಮತ್ತು ಕಾಫಿ ಖರೀದಿ, ಗೊಬ್ಬರದ ಉದ್ದರಿ, ಷೇರು, ಠೇವಣಿ, ಮುಂಗಡ ಸಾಲ ಇವೆಲ್ಲದರ ಲೆಕ್ಕವನ್ನು ಇರಿಸಿಕೊಂಡಿರುವ ಗಣಕದ ಹಳೆಯ ಪ್ರೋಗ್ರಾಮನ್ನು ಹೊಸ ಆವೃತ್ತಿಗೆ ಏರಿಸುವುದೋ, ಅದನ್ನು ಬಿಟ್ಟು ಬೇರೆಯದಕ್ಕೆ ಹೋಗುವುದೋ ಎಂಬುದು ಆ ಸಾಲು. ಡಿವಿಡೆಂಡಿನ ಚರ್ಚೆ, ಗೊಬ್ಬರದ ದರದ ಚರ್ಚೆ ಮುಗಿದು ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಇದು ಬರುತ್ತದೆ. ಆಗ ಯಾರೋ ಒಬ್ಬರು "ಆಡಳಿತ ಮಂಡಳಿಗೆ ಬಿಟ್ಟಿದೆ" ಎನ್ನುತ್ತಾರೆ, ಉಳಿದವರು ಕೈಯೆತ್ತಿ ಏಳುತ್ತಾರೆ. ಈ ಬಾಬತ್ತು ಹಾಗೆ ಮುಗಿಯತಕ್ಕದ್ದಲ್ಲ ಎಂಬುದು ನಮ್ಮ ಅಭಿಮತ. ಆದ್ದರಿಂದ ಸದಸ್ಯರ ಮುಂದೆ ಇದನ್ನು ಸ್ವಲ್ಪ ವಿಸ್ತಾರವಾಗಿ ಇಡುತ್ತಿದ್ದೇವೆ.

ನಮ್ಮ ಪ್ರೋಗ್ರಾಮು ಹುಟ್ಟಿದ್ದು ಮೈಕ್ರೋಸಾಫ್ಟ್ ಕಂಪೆನಿಯ ಆಕ್ಸೆಸ್ 97ರಲ್ಲಿ. ಮುಂದೆ ಆಕ್ಸೆಸ್ 2003ಕ್ಕೆ ಏರಿ ಅಲ್ಲಿಯೇ ನಿಂತಿದೆ. ಅದಕ್ಕೆ ಕಂಪೆನಿಯ ತಿದ್ದುಪಡಿಗಳು 2014ರ ಏಪ್ರಿಲ್ 8ಕ್ಕೆ ನಿಂತವು. ಅದು ಓಡುತ್ತಿರುವ ಯಂತ್ರದ ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ ನಿಂತವು. ಹಾಗಿದ್ದೂ ಪ್ರೋಗ್ರಾಮು ನಿಂತಿಲ್ಲ. ರಾಶಿ, ಬೆಟ್ಟೆ, ಗೊರಬಲು, ಚಾಲಿ, ಕೋಕ ಎಂದು ಬೇರೆ ಬೇರೆ ತೂಗಿದ್ದನ್ನು, ಅರೇಬಿಕಾ ಪಾರ್ಚ್‌ಮೆಂಟಿನ ತೇವಾಂಶವನ್ನು, ರೋಬಸ್ಟಾ ಚೆರ್ರಿಯ ಔಟ್‌ಟರ್ನನ್ನು ಅದು ಇಂದಿಗೂ ಚಾಚೂ ತಪ್ಪದೆ ಬರೆದುಕೊಳ್ಳುತ್ತಿದೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಅದೇ ಪ್ರೋಗ್ರಾಮಿಗೆ ಎರಡು ಕಾಲಂ ಸೇರಿಸಿ ದಾಟಿದ್ದಾಯಿತು. ನಮ್ಮ ತೂಕದ ಚೀಟಿಯ ಮರ್ಜಿಯನ್ನು ಅರಿತ ಪ್ರೋಗ್ರಾಮು ಅದು. ಬೆಂಗಳೂರಿನಲ್ಲಿ ಕುಳಿತು ಬರೆದ ಯಾವ ಪ್ರೋಗ್ರಾಮಿಗೂ ಗೊರಬಲು ಎಂದರೇನೆಂದು ತಾನಾಗಿ ತಿಳಿದಿರುವುದಿಲ್ಲ.

ಹಾಗಾದರೆ ಓಡುತ್ತಿರುವುದಕ್ಕೆ ಕೈ ಹಾಕುವುದೇಕೆ ಎಂದು ಕೇಳುವ ಹಿರಿಯ ಸದಸ್ಯರಿದ್ದಾರೆ. ಕೇಳತಕ್ಕ ಪ್ರಶ್ನೆಯೇ. ಕಂಪೆನಿ ಕೈಬಿಟ್ಟಿತೆಂದ ಮಾತ್ರಕ್ಕೆ ಪ್ರೋಗ್ರಾಮು ಮರುದಿನ ಸಾಯುವುದಿಲ್ಲ. ಫಾಕ್ಸ್‌ಪ್ರೊ ಉದಾಹರಣೆ ನಮ್ಮ ಸುತ್ತಲೇ ಇದೆ. ಸಹಕಾರ ಸಂಘಗಳಲ್ಲಿ, ಮಂಡಿಗಳಲ್ಲಿ ಒಂದು ಕಾಲಕ್ಕೆ ಅದರದೇ ಕಾರುಬಾರು. ಅದನ್ನು ತಯಾರಿಸುತ್ತಿದ್ದ ಫಾಕ್ಸ್ ಸಾಫ್ಟ್‌ವೇರ್ ಕಂಪೆನಿಯನ್ನು ಮೈಕ್ರೋಸಾಫ್ಟ್ 1992ರಲ್ಲಿ ಕೊಂಡುಕೊಂಡಿತು. ಅದೇ ವರ್ಷದ ನವೆಂಬರಿನಲ್ಲಿ ತನ್ನದೇ ಆಕ್ಸೆಸ್ಸನ್ನೂ ಹೊರತಂದಿತು. ಒಂದೇ ಕೊಟ್ಟಿಗೆಯಲ್ಲಿ ಎರಡು ಹಸು. 2007ರಲ್ಲಿ, ವಿಷುವಲ್ ಫಾಕ್ಸ್‌ಪ್ರೊ 9ರ ಮುಂದೆ ಬೇರೆ ಆವೃತ್ತಿ ಇಲ್ಲವೆಂದು ಸಾರಿತು. 2015ರ ಜನವರಿ 13ಕ್ಕೆ ಕೊನೆಯ ಆಸರೆಯನ್ನೂ ತೆಗೆಯಿತು. ಆಮೇಲೂ ಫಾಕ್ಸ್‌ಪ್ರೊದಲ್ಲಿ ಲೆಕ್ಕ ಬರೆದವರು ಬರೆಯುತ್ತಲೇ ಇದ್ದರು. ಅವರನ್ನು ನಿಲ್ಲಿಸಿದ್ದು ಕಂಪೆನಿಯ ಪ್ರಕಟಣೆಯಲ್ಲ, ಹಳೆಯ ಯಂತ್ರ ಕೆಟ್ಟ ದಿನ. ಹೊಸದಾಗಿ ತಂದ ಯಂತ್ರದಲ್ಲಿದ್ದದ್ದು 64 ಬಿಟ್ಟಿನ ವಿಂಡೋಸ್. ಅದರಲ್ಲಿ ಡಾಸ್ ಕಾಲದ ಪ್ರೋಗ್ರಾಮು ನೇರವಾಗಿ ಓಡುವುದೇ ಇಲ್ಲ. ಈಗಿನ ವಿಂಡೋಸ್ 11 ಬರುವುದೇ 64 ಬಿಟ್ಟಿನಲ್ಲಿ. ಅಪಾಯ ನಿಧಾನವಾಗಿ ಬೆಳೆದು ಒಂದೇ ದಿನ ಎರಗುತ್ತದೆ, ಅದೂ ಸಾಮಾನ್ಯವಾಗಿ ತೂಕದ ಕಟ್ಟೆಯ ಮುಂದೆ ಜೀಪು ಸಾಲುಗಟ್ಟಿರುವ ದಿನ.

ನಮಗೆ ನಿಜವಾಗಿ ಚಿಂತೆಯಿರುವುದು ಇನ್ನೊಂದು ಕಡೆ. ಕಾಫಿ ಮಂಡಳಿಯ ಪೂಲ್ ಪದ್ಧತಿ 1996ರಲ್ಲಿ ಮುಗಿಯಿತು. ಆ ಕಾಲದ ಪಾಯಿಂಟ್ ಲೆಕ್ಕದ, ಕಂತುಕಂತಾಗಿ ಬಂದ ಹಣದ ಕಾಗದಗಳು ಇಂದಿಗೂ ಹಲವರ ಮನೆಯ ಪೆಟ್ಟಿಗೆಯಲ್ಲಿವೆ. ಗೆದ್ದಲು ಮುಟ್ಟದಿದ್ದರೆ ಕನ್ನಡಕ ಹಾಕಿಕೊಂಡು ಯಾರು ಬೇಕಾದರೂ ಓದಬಹುದು. ಆಕ್ಸೆಸ್ 97ರಲ್ಲಿ ಮುಚ್ಚಿಟ್ಟ ಲೆಕ್ಕ ಹಾಗಲ್ಲ. ಆ ಬಗೆಯ ಫೈಲನ್ನು ಆಕ್ಸೆಸ್ 2013 ಮತ್ತು ಅದರ ಮುಂದಿನ ಆವೃತ್ತಿಗಳು ತೆರೆಯುವುದೇ ಇಲ್ಲ. 2003 ಅಥವಾ 2010ರಂಥ ನಡುವಣ ಆವೃತ್ತಿಯಲ್ಲಿ ಒಮ್ಮೆ ತೆರೆದು ಪರಿವರ್ತಿಸಿಕೊಂಡರೆ ಮಾತ್ರ ಹೊಸತಕ್ಕೆ ಅದು ಅರ್ಥವಾಗುತ್ತದೆ. ನಮ್ಮ ಮೊದಲ ವರ್ಷಗಳ ಮುಗಿದ ಲೆಕ್ಕಗಳು ಸಿ.ಡಿ.ಗಳಲ್ಲಿ ಅದೇ ರೂಪದಲ್ಲಿವೆ. ಅವುಗಳ ಬೀಗದಕೈ ಎಂದರೆ ಗುಮಾಸ್ತರ ಮೇಜಿನ ಕೆಳಗೆ ಕುಳಿತಿರುವ ಆ ಹಳೆಯ ಯಂತ್ರ.

ಆ ಲೆಕ್ಕದಲ್ಲಿರುವುದು ಬರಿಯ ಅಂಕಿಗಳಲ್ಲ. ತಂದೆ ತೀರಿಕೊಂಡ ಮೇಲೆ ವಾರಸುದಾರರು ಬಂದು ಹಳೆಯ ಠೇವಣಿಯನ್ನೂ ಷೇರನ್ನೂ ಕೇಳುತ್ತಾರೆ. ಅಣ್ಣತಮ್ಮಂದಿರ ಹಿಸ್ಸೆಯಲ್ಲಿ ಯಾರ ಹೆಸರಿಗೆ ಎಷ್ಟು ಅಡಿಕೆ ಬಂದಿತ್ತೆಂಬ ಪ್ರಶ್ನೆ ಏಳುತ್ತದೆ. ಯಾರಿಗೆ ಮತದಾನದ ಹಕ್ಕಿದೆ ಎಂಬುದೂ ಮಹಾಸಭೆಯ ಹಾಜರಿ ಮತ್ತು ಸಂಘದೊಡನೆ ಮಾಡಿದ ವಹಿವಾಟಿನ ದಾಖಲೆಯ ಮೇಲೆಯೇ ನಿಂತಿದೆ. ಎರಡೆಕರೆ ತೋಟದ ಸದಸ್ಯನಿಗೆ ಸಂಘದ ಪುಸ್ತಕವನ್ನು ಬಿಟ್ಟರೆ ಬೇರೆ ಸಾಕ್ಷಿಯಿಲ್ಲ.

ಇನ್ನು ಮುಂದಿರುವ ದಾರಿಗಳನ್ನು ನೋಡೋಣ. ಒಂದು, ಆಕ್ಸೆಸ್ಸಿನಲ್ಲಿಯೇ ಉಳಿದು ಹೊಸ ಆವೃತ್ತಿಗೆ ಏರುವುದು. ಕಂಪೆನಿಯು ಆಕ್ಸೆಸ್ಸನ್ನು ಫಾಕ್ಸ್‌ಪ್ರೊ ಹಾಗೆ ಕೈಬಿಟ್ಟಿಲ್ಲ ಎಂಬುದು ಸಮಾಧಾನದ ಸಂಗತಿ. ಆದರೆ ಪ್ರತಿ ಆವೃತ್ತಿಗೂ ಆಯುಸ್ಸು ಬರೆದಿಟ್ಟಿದೆ: 2016 ಮತ್ತು 2019 ಎರಡಕ್ಕೂ 2025ರ ಅಕ್ಟೋಬರ್ 14ಕ್ಕೆ ಆಸರೆ ನಿಂತಿತು, 2024ರ ಆವೃತ್ತಿಗೆ 2029ರ ಅಕ್ಟೋಬರ್ 9ರವರೆಗೆ ಇದೆ. ಅಂದರೆ ನಾಲ್ಕೈದು ಫಸಲಿಗೊಮ್ಮೆ ಇದೇ ಚರ್ಚೆ. ಖರ್ಚು ಕಡಿಮೆ, ಗುಮಾಸ್ತರಿಗೆ ಹೊಸದಾಗಿ ಕಲಿಯುವುದು ಹೆಚ್ಚೇನಿಲ್ಲ. ಬರಿಯ ಪ್ರೋಗ್ರಾಮು ಓಡಿಸುವ ಮೇಜುಗಳಿಗೆ ಕಂಪೆನಿಯೇ ಕೊಡುವ ಉಚಿತ ರನ್‌ಟೈಮ್ ಸಾಕು. ಇವೆಲ್ಲ ಗುಣಗಳು.

ಕಷ್ಟ ಬರುವುದು ಹೊರಗಿನಿಂದ ಕಾಣದ ಕಡೆಗಳಲ್ಲಿ. ನಮ್ಮ ಪ್ರೋಗ್ರಾಮಿನಲ್ಲಿ ತೂಕ ಬರೆಯುವವರು ದರವನ್ನು ತಿದ್ದುವಂತಿಲ್ಲ, ದರ ತಿದ್ದುವವರು ರಸೀದಿಯನ್ನು ಅಳಿಸುವಂತಿಲ್ಲ ಎಂದು ಒಬ್ಬೊಬ್ಬರಿಗೆ ಒಂದೊಂದು ಅಧಿಕಾರ ಹಂಚಿದೆ. ಆಕ್ಸೆಸ್ 2007ರಿಂದ ಬಂದ ಹೊಸ ರೂಪದ ಫೈಲಿನಲ್ಲಿ ಆ ಹಂಚಿಕೆಯ ಏರ್ಪಾಡೇ ಇಲ್ಲ. ಹಳೆಯ ರೂಪದಲ್ಲಿಯೇ ಇಟ್ಟುಕೊಂಡರೆ ಅದು ಉಳಿಯುತ್ತದೆ, ಹೊಸ ರೂಪಕ್ಕೆ ಏರಿಸಿದ ದಿನ ಎಲ್ಲರ ಕೈಗೂ ಎಲ್ಲ ಬೀಗದಕೈ. ತಾರೀಖು ಆರಿಸುವ ಚಿಕ್ಕ ಪಂಚಾಂಗದ ಕಿಟಕಿಯನ್ನು 2010ರ ಆವೃತ್ತಿಯಿಂದ ತೆಗೆದುಹಾಕಿದ್ದಾರೆ. ನಮ್ಮ ಖರೀದಿ ನಮೂನೆ ಅದರ ಮೇಲೆಯೇ ನಿಂತಿದೆ. ಇನ್ನು 64 ಬಿಟ್ಟಿನ ಆಕ್ಸೆಸ್ ತಂದರೆ, ವಿಂಡೋಸಿನೊಳಗಿನ ಸೌಲಭ್ಯಗಳನ್ನು ನೇರವಾಗಿ ಕರೆಯುವ ಹಳೆಯ ಸಾಲುಗಳನ್ನೆಲ್ಲ ಹುಡುಕಿ ತಿದ್ದಬೇಕು. ಇದನ್ನೆಲ್ಲ ತಿದ್ದಲು ಮೂಲ ಪ್ರತಿ ಕೈಯಲ್ಲಿರಬೇಕಾದ್ದು ಮೊದಲ ಮಾತು. ನಮ್ಮಲ್ಲಿ ಅದಿದೆ. ಪ್ರೋಗ್ರಾಮು ಬರೆದವರು ಕೆಲವು ಸಂಘಗಳಿಗೆ ಎಂಡಿಇ ಎಂಬ ಮುಚ್ಚಿದ ಪ್ರತಿಯನ್ನಷ್ಟೇ ಕೊಟ್ಟು ಹೋಗಿರುವುದುಂಟು. ಅಂಥದರ ನಮೂನೆಗಳನ್ನು ಬಿಚ್ಚುವಂತಿಲ್ಲ, ಹೊಸ ಆವೃತ್ತಿಗೆ ಪರಿವರ್ತಿಸುವಂತೆಯೂ ಇಲ್ಲ. ಈ ಪತ್ರಿಕೆ ಓದುವ ಅಕ್ಕಪಕ್ಕದ ಸಂಘದವರು ತಮ್ಮಲ್ಲಿರುವುದು ಯಾವುದೆಂದು ಇಂದೇ ನೋಡಿಕೊಳ್ಳುವುದು ಒಳಿತು.

ಇದಲ್ಲದೆ, ಆವೃತ್ತಿ ಎಷ್ಟೇ ಹೊಸದಾದರೂ ಆಕ್ಸೆಸ್ಸಿನ ಮೂಲಗುಣ ಬದಲಾಗುವುದಿಲ್ಲ. ಒಂದೇ ಫೈಲನ್ನು ಮೂರು ಮೇಜಿನವರು ಒಟ್ಟಿಗೆ ತೆರೆದು ಅದರಲ್ಲಿ ಬರೆಯುತ್ತಾರೆ. ಬರೆಯುವ ನಡುವೆ ಒಂದು ಮೇಜಿನ ಕರೆಂಟು ಹೋದರೂ ಇಡೀ ಫೈಲು ಕೆಡುವ ಸಂಭವವಿದೆ. ಮಲೆನಾಡಿನ ಕರೆಂಟಿನ ವಿಷಯ ಸದಸ್ಯರಿಗೆ ನಾವು ಹೇಳಬೇಕಾದ್ದಿಲ್ಲ. ಫೈಲಿನ ಗಾತ್ರ 2 ಗಿಗಾಬೈಟ್ ಮೀರುವಂತಿಲ್ಲ ಎಂಬ ಮಿತಿಯನ್ನು ಹೇಳಿ ಹೆದರಿಸುವ ಮಾರಾಟಗಾರರೂ ಬರುತ್ತಾರೆ. ನಮ್ಮಂಥ ಸಂಘದ ಲೆಕ್ಕ ಆ ಗಡಿಯಿಂದ ಬಹು ದೂರ, ಅದು ನಮಗೆ ಕಾರಣವಲ್ಲ. ಕರೆಂಟು ಕಾರಣ.

ಎರಡನೆಯ ದಾರಿ, ಎಲ್ಲವನ್ನೂ ಬಿಟ್ಟು ತಿಂಗಳ ಬಾಡಿಗೆಯ ಪ್ರೋಗ್ರಾಮಿಗೆ ಹೋಗುವುದು. ಲೆಕ್ಕವೆಲ್ಲ ದೂರದ ಊರಿನ ಯಂತ್ರದಲ್ಲಿರುತ್ತದೆ, ಇಂಟರ್‌ನೆಟ್ಟಿನ ಮೂಲಕ ತೆರೆಯುವುದು. ತರುಣ ಸದಸ್ಯರ ಒಲವು ಇದರ ಕಡೆಗಿದೆ. ಮೊಬೈಲಿನಲ್ಲಿ ತಮ್ಮ ಖಾತೆ ಕಾಣಬೇಕೆಂಬ ಅವರ ಆಸೆ ನ್ಯಾಯವಾದದ್ದೇ. ಆದರೆ ಆಷಾಢದಲ್ಲಿ ಒಂದು ಮರ ತಂತಿಯ ಮೇಲೆ ಬಿದ್ದರೆ ಮೂರು ದಿನ ಸಂಪರ್ಕವಿಲ್ಲದ ಊರು ನಮ್ಮದು. ಕೊಳೆರೋಗದ ಹೊತ್ತಿಗೆ ಮೈಲುತುತ್ತ, ಸುಣ್ಣ ಕೇಳಿಕೊಂಡು ಬಂದವರಿಗೆ "ನೆಟ್ ಇಲ್ಲ, ನಾಳೆ ಬನ್ನಿ" ಎನ್ನಲಾದೀತೇ? ಅದಕ್ಕಿಂತ ಮುಖ್ಯವಾದದ್ದು, ಬಿಡುವ ಹಕ್ಕು. ಸಂಘಕ್ಕೆ ಬಂದ ಒಂದು ದರಪಟ್ಟಿಯನ್ನು ನಾವು ಓದಿದೆವು. ಕರಾರು ಮುರಿದರೆ ನಮ್ಮ ಲೆಕ್ಕವನ್ನು "ಮುದ್ರಣ ರೂಪದಲ್ಲಿ" ಕೊಡಲಾಗುವುದು ಎಂದಿತ್ತು. ಅಂದರೆ ಸಾವಿರಾರು ಪುಟದ ಕಾಗದದ ಚಿತ್ರ. ಮತ್ತೊಂದು ಪ್ರೋಗ್ರಾಮಿಗೆ ಅದನ್ನು ಮೊದಲಿನಿಂದ ಬೆರಳಚ್ಚು ಮಾಡಬೇಕು. ಇಂಥ ಕರಾರಿಗೆ ಸಹಿ ಹಾಕುವುದೆಂದರೆ ಅಡಿಕೆಯನ್ನು ಬೇರೆಯವರ ಗೋದಾಮಿನಲ್ಲಿಟ್ಟು ರಸೀದಿ ಪಡೆಯದೆ ಬಂದಂತೆ. ಸದಸ್ಯರ ಆಧಾರ್, ಬ್ಯಾಂಕ್ ಖಾತೆಗಳ ಸಂಖ್ಯೆಯೂ ಅದರಲ್ಲಿರುವುದರಿಂದ, ವೈಯಕ್ತಿಕ ಮಾಹಿತಿ ರಕ್ಷಣೆಯ 2023ರ ಕಾಯಿದೆಯ ದೃಷ್ಟಿಯಿಂದಲೂ ಸಂಘ ತನ್ನ ಹೊಣೆಯನ್ನು ಬೇರೆಯವರ ತಲೆಗೆ ಕಟ್ಟಿ ಕೂರುವಂತಿಲ್ಲ.

ನೆರೆಯ ಸೊಸೈಟಿಗೆ ಸರಕಾರದ ಪ್ರೋಗ್ರಾಮು ಬಂದಿದೆಯಲ್ಲ, ನಮಗೇಕಿಲ್ಲ ಎಂದೂ ಕೆಲವರು ಕೇಳಿದ್ದಾರೆ. 2022ರ ಜೂನಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಆ ಯೋಜನೆ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಉದ್ದೇಶಿಸಿದ್ದು, ಆಗಿನ ಅಂದಾಜು 2,516 ಕೋಟಿ ರೂಪಾಯಿ. ನಮ್ಮದು ಮಾರಾಟ ಸಂಘ; ಆ ಪಟ್ಟಿಯಲ್ಲಿ ನಾವಿಲ್ಲ.

ನಮ್ಮ ಅಭಿಪ್ರಾಯ ಈ ಎರಡು ದಾರಿಗಳ ನಡುವೆ ಇದೆ. ಅದನ್ನು ಹೇಳುವ ಮೊದಲು ಒಂದು ವಿವರಣೆ. ಯಾವುದೇ ಲೆಕ್ಕದ ಪ್ರೋಗ್ರಾಮಿಗೆ ಎರಡು ಭಾಗ: ಒಂದು ಉಗ್ರಾಣ, ಇನ್ನೊಂದು ಕಿಟಕಿ. ಅಂಕಿಗಳು ಕುಳಿತಿರುವ ಕೋಷ್ಟಕಗಳು ಉಗ್ರಾಣ. ಗುಮಾಸ್ತರು ತೂಕ ಬರೆಯುವ, ರಸೀದಿ ತೆಗೆಯುವ ನಮೂನೆಗಳು ಕಿಟಕಿ. ಆಕ್ಸೆಸ್ಸಿನ ಕಿಟಕಿ ಚೆನ್ನಾಗಿದೆ, ಅದರ ಉಗ್ರಾಣದ ಗೋಡೆ ತೆಳುವು. ಈ ಎರಡನ್ನೂ ಒಟ್ಟಿಗೇ ಬದಲಿಸಬೇಕೆಂಬ ನಿಯಮವಿಲ್ಲ. ಉಗ್ರಾಣವನ್ನು ಮಾತ್ರ ಪೋಸ್ಟ್‌ಗ್ರೆಸ್‌ನಂಥ ಭದ್ರವಾದ, ಹಣ ಕೊಡಬೇಕಿಲ್ಲದ ಸರ್ವರಿಗೆ ಸಾಗಿಸಿ, ಓಡಿಬಿಸಿ ಎಂಬ ಕೊಂಡಿಯ ಮೂಲಕ ಈಗಿನ ಕಿಟಕಿಯನ್ನೇ ಅದಕ್ಕೆ ಜೋಡಿಸಬಹುದು. ಬರೆಯುತ್ತಿರುವ ಮೇಜಿನ ಕರೆಂಟು ಹೋದರೆ ಆ ಒಂದು ಅರ್ಧಂಬರ್ಧ ರಸೀದಿ ರದ್ದಾಗುತ್ತದೆ, ಉಗ್ರಾಣ ಕೆಡುವುದಿಲ್ಲ. ಯಾರು ಏನನ್ನು ತಿದ್ದಬಹುದೆಂಬ ಅಧಿಕಾರದ ಹಂಚಿಕೆಯನ್ನೂ ಉಗ್ರಾಣದ ಬಾಗಿಲಲ್ಲೇ ಇಡಬಹುದು. ಮುಂದೆ ಮೊಬೈಲಿನ ಕಿಟಕಿ ಬೇಕೆಂದಾಗ ಅದೇ ಉಗ್ರಾಣಕ್ಕೆ ಇನ್ನೊಂದು ಬಾಗಿಲು ತೆಗೆದರಾಯಿತು. ಹಳೆಯ ಅಡಿಕೆ ತೋಟವನ್ನು ಒಮ್ಮೆಗೇ ಕಡಿದು ಸಸಿ ಇಡುವವರು ನಮ್ಮಲ್ಲಿ ಕಡಿಮೆ. ಹಳೆಯ ಮರಗಳ ನಡುವೆ ಸಸಿ ಇಟ್ಟು, ಅದು ಫಸಲು ಹಿಡಿದ ಮೇಲೆ ಮರ ಕಡಿಯುವುದು ರೂಢಿ. ಇಲ್ಲಿಯೂ ಹಾಗೆಯೇ ನಡೆಯಬೇಕೆಂದು ನಮ್ಮ ವಾದ. ಸರ್ವರಿನ ಪ್ರತಿಯೊಂದು ರಾತ್ರಿಯ ನಕಲು ಸಂಘದ ಕಟ್ಟಡದ ಹೊರಗೆ ಇರಬೇಕಾದ್ದೂ ಈ ಏರ್ಪಾಡಿನ ಭಾಗವೇ. ಯಂತ್ರವೂ ಅದರ ನಕಲೂ ಒಂದೇ ಕಪಾಟಿನಲ್ಲಿದ್ದರೆ ಒಂದು ಸಿಡಿಲಿಗೆ ಎರಡೂ ಹೋದಾವು.

ಸಾಗಿಸುವ ಕೆಲಸ ಮಾತ್ರ ಹೇಳಿದಷ್ಟು ಸುಲಭವಲ್ಲ, ಮತ್ತು ಇಲ್ಲಿಯೇ ಸದಸ್ಯರ ಕಣ್ಣು ಬೇಕಾಗಿರುವುದು. ಮೊದಲನೆಯದು ಹೆಸರುಗಳು. ನಮ್ಮ ಸದಸ್ಯರ ಹೆಸರುಗಳು ನುಡಿಯಂಥ ತಂತ್ರಾಂಶದ ಹಳೆಯ ಅಕ್ಷರರೂಪದಲ್ಲಿ ಬರೆದವು. ತೆರೆಯ ಮೇಲೆ ಕನ್ನಡವಾಗಿ ಕಂಡರೂ ಯಂತ್ರದೊಳಗೆ ಅವು ಇಂಗ್ಲಿಷ್ ಮತ್ತಿತರ ಚಿಹ್ನೆಗಳ ಸಾಲು. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಒಂದು ಅಕ್ಷರವೂ ತಿಳಿಯದು, ಅಕಾರಾದಿಯಲ್ಲಿ ಜೋಡಿಸಲೂ ಬಾರದು. ಅವನ್ನು ಯೂನಿಕೋಡಿಗೆ ಪರಿವರ್ತಿಸಬೇಕು. ಪರಿವರ್ತಿಸುವ ಸಾಧನಗಳಿವೆ, ಆದರೆ ಒತ್ತಕ್ಷರ, ಅರ್ಕಾವತ್ತುಗಳಲ್ಲಿ ಅಲ್ಲಲ್ಲಿ ಎಡವುತ್ತವೆ. ಹೆಸರು ಒಂದು ಅಕ್ಷರ ತಪ್ಪಿದರೆ ಬ್ಯಾಂಕಿನ ಹೆಸರಿಗೂ ಸಂಘದ ಹೆಸರಿಗೂ ತಾಳೆಯಾಗದು.

ಎರಡನೆಯದು ಒಂದೇ ಹೆಸರಿನವರು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಾಡು ನಮ್ಮದು. ಒಂದೇ ಊರು, ಒಂದೇ ಮನೆತನ, ಒಂದೇ ಹೆಸರು, ತಂದೆಯ ಹೆಸರೂ ಒಂದೇ ಆಗಿರುವ ಇಬ್ಬರು ಸದಸ್ಯರು ಇರುವುದು ಅಪರೂಪವಲ್ಲ. ಹೊರಗಿನಿಂದ ಬಂದ ತಂತ್ರಜ್ಞರು "ನಕಲು ನಮೂದುಗಳನ್ನು ತೆಗೆದು ಶುದ್ಧಗೊಳಿಸಿದ್ದೇವೆ" ಎಂದು ಹೆಮ್ಮೆಯಿಂದ ಹೇಳಿದರೆ ನಮಗೆ ದಿಗಿಲಾಗಬೇಕು. ಇಬ್ಬರ ಷೇರು ಒಬ್ಬರ ಖಾತೆಗೆ ಸೇರಿದ್ದು ತಿಳಿಯುವುದು ವರ್ಷಗಳ ಮೇಲೆ, ಜಗಳವಾದಾಗ. ಸದಸ್ಯ ಸಂಖ್ಯೆಯೊಂದೇ ಗುರುತು. ಹೆಸರು ನೋಡಿ ಯಾವ ಖಾತೆಯನ್ನೂ ಕೂಡಿಸಕೂಡದು.

ಮೂರನೆಯದು ಅರ್ಧ ರೂಪಾಯಿಯ ಸಂಗತಿ. ಆಕ್ಸೆಸ್ಸಿನಲ್ಲಿ ಪೈಸೆಯನ್ನು ರೂಪಾಯಿಗೆ ಸರಿಹೊಂದಿಸುವ ಸೂತ್ರವು ಸರಿಯಾಗಿ ಅರ್ಧ ಬಂದಾಗ ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. ಬಡ್ಡಿ 863 ರೂಪಾಯಿ 50 ಪೈಸೆಯಾದರೆ 864 ಎನ್ನುತ್ತದೆ, 862 ರೂಪಾಯಿ 50 ಪೈಸೆಯಾದರೆ 862 ಎನ್ನುತ್ತದೆ. ಪೋಸ್ಟ್‌ಗ್ರೆಸ್ ದಶಾಂಶದ ಲೆಕ್ಕದಲ್ಲಿ ಎರಡನೆಯದನ್ನು 863 ಮಾಡುತ್ತದೆ. ಎರಡೂ ಲೋಕದಲ್ಲಿ ಒಪ್ಪಿತವಾದ ಕ್ರಮಗಳೇ. ಆದರೆ ಸಾವಿರ ಖಾತೆಗಳ ಬಡ್ಡಿ ಹಾಕುವಾಗ ಹಳೆಯ ತಃಖ್ತೆಗೂ ಹೊಸ ತಃಖ್ತೆಗೂ ತಾಳೆಯಾಗದೆ, ಲೆಕ್ಕ ಪರಿಶೋಧಕರ ಮುಂದೆ ಕಾರ್ಯದರ್ಶಿಗಳು ತಲೆ ಕೆರೆದುಕೊಳ್ಳಬೇಕಾಗುತ್ತದೆ. ಯಾವ ಕ್ರಮ ಎಂಬುದನ್ನು ಮೊದಲೇ ಮಂಡಳಿಯ ನಡವಳಿಯಲ್ಲಿ ಬರೆದಿಡತಕ್ಕದ್ದು.

ಕಾಲದ ಮಾತು. ಈ ಸುಗ್ಗಿಯಲ್ಲಿ ಯಾವುದನ್ನೂ ಬದಲಿಸಬಾರದು. ಅಕ್ಟೋಬರಿನಿಂದ ಅಡಿಕೆ ಕೊಯ್ಲು, ಅದರ ಬೆನ್ನಿಗೆ ಅರೇಬಿಕಾ, ಆಮೇಲೆ ರೋಬಸ್ಟಾ, ಕಾಳುಮೆಣಸು ಎಂದು ಏಪ್ರಿಲ್ ತನಕ ಕಟ್ಟೆಗೆ ಬಿಡುವಿಲ್ಲ. ಆ ಹೊತ್ತಿನಲ್ಲಿ ಹಳೆಯದರಲ್ಲೂ ಹೊಸದರಲ್ಲೂ ಎರಡೆರಡು ಸಲ ಬರೆಯಿರೆಂದು ಗುಮಾಸ್ತರಿಗೆ ಹೇಳುವುದು ಕಾಗದದ ಮೇಲೆ ಚಂದ, ನಡೆಯುವ ಮಾತಲ್ಲ. ಅದರ ಬದಲು ಮುಂದಿನ ಮಳೆಗಾಲದಲ್ಲಿ, ಮುಗಿದ ಸುಗ್ಗಿಯ ಎಲ್ಲ ರಸೀದಿಗಳನ್ನೂ ಹೊಸ ಉಗ್ರಾಣದಲ್ಲಿ ಮೊದಲಿನಿಂದ ಕೊನೆಯವರೆಗೆ ಮತ್ತೊಮ್ಮೆ ನಡೆಸಿ ನೋಡಬೇಕು. ಉತ್ತರ ನಮಗೆ ಮೊದಲೇ ಗೊತ್ತಿರುವ ಪರೀಕ್ಷೆ ಅದು: ಯಾವ ದಿನ ಎಷ್ಟು ಕ್ವಿಂಟಾಲ್, ಯಾರಿಗೆ ಎಷ್ಟು ಪಾವತಿ, ವರ್ಷಾಂತ್ಯದ ಬಾಕಿ ಎಷ್ಟು. ಒಂದು ಕಿಲೋ, ಒಂದು ರೂಪಾಯಿ ಹೆಚ್ಚುಕಡಿಮೆ ಬಂದರೂ ಕಾರಣ ಸಿಗುವವರೆಗೆ ಮುಂದೆ ಹೋಗಬಾರದು. ತಾಳೆಯಾದ ಮೇಲೆ ಮೊದಲು ಗೊಬ್ಬರ ಮತ್ತು ಔಷಧಿ ವಿಭಾಗವನ್ನು ಹೊಸದಕ್ಕೆ ಸೇರಿಸಿ, ಅದು ನಿಂತ ಮೇಲೆ ಖರೀದಿಯ ಕಟ್ಟೆ.

ಇಷ್ಟರೊಳಗೆ ತಡಮಾಡದೆ ಆಗಬೇಕಾದ್ದು ಒಂದೇ: ಆಕ್ಸೆಸ್ 97ರ ಆ ಸಿ.ಡಿ.ಗಳನ್ನು ಹಳೆಯ ಯಂತ್ರದಲ್ಲಿ ತೆರೆದು, ಹೊಸ ರೂಪಕ್ಕೂ, ಯಾವ ಪ್ರೋಗ್ರಾಮೂ ಬೇಡದ ಸಾದಾ ಪಠ್ಯರೂಪಕ್ಕೂ ಇಳಿಸಿಡುವುದು. ಇದಕ್ಕೆ ಮಹಾಸಭೆಯ ಒಪ್ಪಿಗೆಯೂ ಬೇಕಿಲ್ಲ, ಹೊಸ ಖರ್ಚೂ ಇಲ್ಲ. ಹೊಸ ಯಂತ್ರ ಬಂತೆಂದು ಹಳೆಯದನ್ನು ಗುಜರಿಗೆ ಹಾಕುವ ನಿರ್ಣಯವನ್ನು ಯಾರಾದರೂ ತಂದರೆ ಸದಸ್ಯರು ವಿರೋಧಿಸಬೇಕೆಂದು ಕೇಳಿಕೊಳ್ಳುತ್ತೇವೆ. ಕೆಲಸಕ್ಕೆ ಯಾರನ್ನೇ ಗೊತ್ತುಮಾಡಿದರೂ, ಕೋಷ್ಟಕಗಳೂ ಪ್ರೋಗ್ರಾಮಿನ ಮೂಲಪ್ರತಿಯೂ ಪಾಸ್‌ವರ್ಡುಗಳೂ ಸಂಘದ ಸ್ವತ್ತು ಎಂಬುದು ಕರಾರಿನ ಮೊದಲ ಕಲಮು ಆಗಿರಲಿ, ಕೊನೆಯ ಕಂತಿನ ಹಣ ತಾಳೆ ಮುಗಿದ ಮೇಲೆಯೇ ಸಲ್ಲಲಿ.

ಹೆಸರುಗಳ ತಾಳೆಗೆ ಸದಸ್ಯರ ನೆರವಿಲ್ಲದೆ ಆಗದು. ಈ ಸುಗ್ಗಿಯಲ್ಲಿ ತೂಕದ ರಸೀದಿಯ ಜೊತೆಗೆ ಪ್ರತಿಯೊಬ್ಬ ಸದಸ್ಯರಿಗೂ ಒಂದು ಚೀಟಿ ಕೊಡಬೇಕೆಂದು ಮಂಡಳಿಗೆ ಸೂಚಿಸಿದ್ದೇವೆ: ಸದಸ್ಯ ಸಂಖ್ಯೆ, ಹೆಸರು, ತಂದೆಯ ಅಥವಾ ಗಂಡನ ಹೆಸರು, ಊರು, ಷೇರಿನ ಮೊತ್ತ. ಅದನ್ನು ಮನೆಗೆ ಒಯ್ದು, ಹಳೆಯ ಪಾಸ್‌ಪುಸ್ತಕದೊಡನೆ ಹೋಲಿಸಿ, ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿ ಮರಳಿಸಿ. ಹೊರ ಊರುಗಳಲ್ಲಿರುವ ಸದಸ್ಯರ ಚೀಟಿಯನ್ನು ಅವರ ತೋಟ ನೋಡಿಕೊಳ್ಳುವ ಬಂಧುಗಳು ಪಡೆದು ಫೋನಿನಲ್ಲಿ ಓದಿ ಹೇಳಬಹುದು. ತೀರಿಕೊಂಡವರ ಹೆಸರಿನಲ್ಲಿಯೇ ಖಾತೆ ಉಳಿದಿದ್ದರೆ, ವಾರಸಾ ಅರ್ಜಿಯನ್ನು ಅದೇ ಹೊತ್ತಿಗೆ ಕಚೇರಿಯಲ್ಲಿ ಕೊಟ್ಟುಬಿಡಿ.